ಅಲ್ಲಿ ‘ಮಣ್ಣು ಮಾಡೋದು’ ಅಂದ್ರೆ ಮಣ್ಣೇ!

ಹೆಣ ಹೂಳುವುದಕ್ಕೆ ನಮ್ಮ ಕಡೆ ‘ಮಣ್ಣು ಮಾಡೋದು’ ಅಂತಾರೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಈಗ ನಿಜವಾಗಿಯೇ ಹೆಣವನ್ನು ಮಣ್ಣು ಮಾಡಿ ಮನೆಯವರ ಕೈಗೆ ಕೊಡುತ್ತಾರೆ!

ಈ ಉಪಾಯ ದನದ ಕೊಟ್ಟಿಗೆಯಿಂದ ಬಂದದ್ದು. ಸತ್ತ ದನವನ್ನು ಮರದ ಚಕ್ಕೆಯ ರಾಶಿಯಲ್ಲಿ ಮುಚ್ಚಿ ಗೊಬ್ಬರ ಮಾಡುವ ರೂಢಿ ಅಲ್ಲಿನ ರೈತರಲ್ಲಿ ಹಳೆಯದು. ದನಕ್ಕೆ ಆಗೋದು ಮನುಷ್ಯನಿಗೆ ಯಾಕಾಗಬಾರದು ಎಂದು ಹೊರಟವರು ವಾಸ್ತುಶಿಲ್ಪ ಓದಿದ ಕ್ಯಾಟ್ರಿನಾ ಸ್ಪೇಡ್. ಪಶ್ಚಿಮ ಕರಾವಳಿಯ ವಾಷಿಂಗ್ಟನ್ ರಾಜ್ಯ 2019ರಲ್ಲಿ ಕಾನೂನನ್ನೇ ಮಾಡಿತು. ಅಲ್ಲಿನ ಸಿಯಾಟಲ್ ಬಳಿ ಸ್ಪೇಡರ ‘ರೀಕಂಪೋಸ್’ ಸಂಸ್ಥೆ 2020ರ ಡಿಸೆಂಬರಿನಲ್ಲಿ ಕೆಲಸ ಆರಂಭಿಸಿತು.

ಆಳುದ್ದದ ಉಕ್ಕಿನ ತೊಟ್ಟಿ. ಕೆಳಗೆ ಮರದ ಚಕ್ಕೆ, ಒಣಹುಲ್ಲು, ಕುದುರೆ ಮಸಾಲೆ ಸೊಪ್ಪು, ನಡುವೆ ದೇಹ, ಮೇಲೆ ಮತ್ತೆ ಅದೇ ಹೊದಿಕೆ. ಒಳಗೆ ಗಾಳಿ ಆಡಿಸುತ್ತಾರೆ, ಅಷ್ಟೇ. ಬೆಂಕಿಯಿಲ್ಲ. ತಿಪ್ಪೆ ಕೆದಕಿದವರಿಗೆ ಗೊತ್ತು, ಬಿಸಿ ತಾನಾಗೇ ಏರುತ್ತದೆ. ರೋಗಾಣು ಸಾಯಲು 55 ಡಿಗ್ರಿ ಬಿಸಿ ಮೂರು ದಿನ ನಿಲ್ಲಬೇಕು. ಉಳಿದ ಎಲುಬನ್ನು ಯಂತ್ರದಲ್ಲಿ ಪುಡಿ ಮಾಡಿ ಬೆರೆಸುತ್ತಾರೆ. ಮೂಳೆಗೆ ಹಾಕಿಸಿದ ಸ್ಟೀಲ್ ರಾಡಿದ್ದರೆ ಹೆಕ್ಕಿ ತೆಗೆಯುತ್ತಾರೆ. ಎರಡು-ಮೂರು ತಿಂಗಳಲ್ಲಿ ಮಣ್ಣು ತಯಾರು.

ಕುಡಿಕೆಯಲ್ಲಿ ಹಿಡಿಸುವ ಬೂದಿಯಲ್ಲ ಇದು. ಒಂದು ಪಿಕಪ್ ಗಾಡಿ ತುಂಬುವಷ್ಟು! ಹಿತ್ತಿಲಿದ್ದವರು ಒಯ್ದು ಗಿಡದ ಬುಡಕ್ಕೆ ಹಾಕುತ್ತಾರೆ. ಮೂರನೇ ಮಹಡಿಯಲ್ಲಿ ಇರೋರು ಏನು ಮಾಡಬೇಕು? ಒಂದು ಡಬ್ಬಿಯಷ್ಟು ಇಟ್ಟುಕೊಂಡು ಉಳಿದದ್ದನ್ನು ಕಾಡು ಬೆಳೆಸುವವರಿಗೆ ಬಿಟ್ಟುಕೊಡಬಹುದು.

ಜಗಳ ಹತ್ತಿದ್ದು ಈ ಮಣ್ಣಿನ ಮೇಲೇ. ನ್ಯೂಯಾರ್ಕಿನಲ್ಲಿ ಮಸೂದೆ ಬಂದಾಗ, ತರಕಾರಿ ಸಿಪ್ಪೆಗೆ ಮಾಡುವುದನ್ನು ಮನುಷ್ಯ ದೇಹಕ್ಕೆ ಮಾಡುವುದು ಸಲ್ಲದು ಎಂದು ಕ್ಯಾಥೊಲಿಕ್ ಬಿಷಪ್ಪರು ಆಕ್ಷೇಪ ಎತ್ತಿದರು. ಹೆತ್ತವರನ್ನು ಗೊಬ್ಬರ ಅನ್ನಲು ಯಾರ ನಾಲಗೆಯೂ ಏಳದು, ನಿಜ. ಆದರೆ ಈಗಿರುವ ಪದ್ಧತಿ ಏನು ಕಮ್ಮಿ? ಹೂಳುವ ಮುಂಚೆ ಹೆಣಕ್ಕೆ ಫಾರ್ಮಾಲಿನ್ ತುಂಬುತ್ತಾರೆ, ಗುಂಡಿಗೆ ಕಾಂಕ್ರೀಟು ಪೆಟ್ಟಿಗೆ ಇಳಿಸುತ್ತಾರೆ. ಸುಡೋಣ ಅಂದರೆ ಗ್ಯಾಸು ಉರಿಸಬೇಕು. 2022ರ ಡಿಸೆಂಬರಿನಲ್ಲಿ ಅಲ್ಲಿನ ಗವರ್ನರ್ ಮಸೂದೆಗೆ ಸಹಿ ಹಾಕಿಯೇಬಿಟ್ಟರು.

ಎಲ್ಲ ಹೆಣವನ್ನೂ ತೊಟ್ಟಿಗೆ ಹಾಕುವಂತಿಲ್ಲ. ಎಬೋಲಾದಂಥ ರೋಗದಿಂದ ಸತ್ತವರನ್ನು ಸೇರಿಸುವುದಿಲ್ಲ.

ಅಗ್ಗವೂ ಅಲ್ಲ. ಸಿಯಾಟಲಿನ ಸಂಸ್ಥೆ ಶುರುವಿಗೆ ಇಟ್ಟ ದರ 7,000 ಡಾಲರ್. ಶಾಸ್ತ್ರ-ಗೀಸ್ತ್ರ ಇಲ್ಲದೆ ಬರೀ ಸುಟ್ಟರೆ ಅದಕ್ಕಿಂತ ಕಮ್ಮಿಯಲ್ಲಿ ಮುಗಿಯುತ್ತೆ. ಅದಕ್ಕೇ ಬದುಕಿರುವಾಗಲೇ ತಿಂಗಳ ಕಂತು ಕಟ್ಟಿಡುವ ಏರ್ಪಾಡೂ ಅಲ್ಲಿ ಉಂಟು.