ಎಲುಬು ಗಟ್ಟಿಯಾಗಲು ಕೊಡುವ ಇಂಜೆಕ್ಷನ್‌ನಿಂದ ಕ್ಯಾನ್ಸರ್ ಬರುತ್ತದೆಯೇ? ತಲೆಸುತ್ತು ಬಂದರೆ ಏನು ಮಾಡಬೇಕು?

"ಎಲುಬಿನ ಇಂಜೆಕ್ಷನ್ ತಗೊಂಡರೆ ಎಲುಬಿನ ಕ್ಯಾನ್ಸರ್ ಗ್ಯಾರಂಟಿ. ಇವತ್ತೇ ನಿಲ್ಲಿಸಿ, ಎಳ್ಳು-ಬೆಲ್ಲ ತಿನ್ನಿ." ಇಂಥದೊಂದು ವಾಟ್ಸಾಪ್ ಸಂದೇಶವನ್ನು ಹುಣಸಗಿಯ ಓದುಗರೊಬ್ಬರು ನಮಗೆ ಕಳಿಸಿ ಕೇಳಿದ್ದಾರೆ: "ನಮ್ಮವ್ವಂದು ಬೆನ್ನೆಲುಬು ಮುರ್ದದ. ಡಾಕ್ಟರ್ ದಿನಾ ಚುಚ್ಚೋ ಪೆನ್ ಬರ್ದುಕೊಟ್ಟಾರ. ಆರು ದಿನ ಆಯ್ತು, ಸೂಜಿ ಹಾಕ್ಕೊಂಡ್ರ ತಲಿ ತಿರಗತದ ಅಂತಾಳ. ಬಿಡಿಸಿಬಿಡ್ಲೇನ್ರಿ?"

ಚುಟುಕಾಗಿ ಹೇಳುವುದಾದರೆ: ನೀವಾಗಿಯೇ ಬಿಡಿಸಬೇಡಿ, ವೈದ್ಯರಿಗೆ ತಿಳಿಸಿ. ತಲೆಸುತ್ತು ನಿಜ, ಅದನ್ನು ನಿಭಾಯಿಸಬಹುದು. ಕ್ಯಾನ್ಸರ್ ಮಾತು ಇಲಿಗಳ ಮೇಲೆ ನಡೆದ ಹಳೆಯ ಪ್ರಯೋಗದಿಂದ ಹುಟ್ಟಿದ್ದು.

ಇದು ಯಾವ ಇಂಜೆಕ್ಷನ್?

ಎಲುಬು ಒಳಗೊಳಗೇ ಟೊಳ್ಳಾಗಿ, ಸಣ್ಣ ಪೆಟ್ಟಿಗೂ ಮುರಿಯುವ ಕಾಯಿಲೆ ಆಸ್ಟಿಯೋಪೊರೋಸಿಸ್. ಮೊಣಕಾಲು ಸವೆತ ಬೇರೆ, ಇದು ಬೇರೆ. ಕಾಯಿಲೆ ತೀವ್ರವಾಗಿದ್ದರೆ ದಿನಕ್ಕೊಮ್ಮೆ ತೊಡೆ ಅಥವಾ ಹೊಟ್ಟೆಯ ಚರ್ಮದಡಿ ಚುಚ್ಚುವ ಟೆರಿಪ್ಯಾರಟೈಡ್ ಕೊಡುತ್ತಾರೆ. ಸಾಮಾನ್ಯ ಡೋಸ್ 20 ಮೈಕ್ರೋಗ್ರಾಂ. ಬಹುತೇಕ ಔಷಧಗಳು ಎಲುಬು ಕರಗುವುದನ್ನು ತಡೆಯುತ್ತವೆ. ಇದು ಹೊಸ ಎಲುಬು ಕಟ್ಟಿಸುತ್ತದೆ.

ಕ್ಯಾನ್ಸರ್ ಭಯ ಎಲ್ಲಿಂದ ಬಂತು?

2002ರಲ್ಲಿ ಅಮೆರಿಕದ ಎಫ್‌ಡಿಎ ಇದಕ್ಕೆ ಅನುಮತಿ ಕೊಟ್ಟಾಗ, ಎಲುಬಿನ ಕ್ಯಾನ್ಸರ್ ಬಗ್ಗೆ ಎಚ್ಚರಿಕೆಯನ್ನೂ ಮುದ್ರಿಸಲು ಹೇಳಿತ್ತು. ಕಾರಣ, ಪ್ರಯೋಗದ ಇಲಿಗಳಲ್ಲಿ ಈ ಗಡ್ಡೆ ಕಂಡಿತ್ತು. ಆದರೆ ಆ ಇಲಿಗಳಿಗೆ ಹೆಚ್ಚುಕಡಿಮೆ ಜೀವನಪೂರ್ತಿ ಔಷಧ ಕೊಟ್ಟಿದ್ದರು. ಅವುಗಳ ದೇಹ ಸೇರಿದ ಪ್ರಮಾಣ ಮನುಷ್ಯರಿಗಿಂತ 3ರಿಂದ 60 ಪಟ್ಟು ಹೆಚ್ಚಿತ್ತು. ಹಲವು ವರ್ಷ ಮನುಷ್ಯರಲ್ಲಿ ಬಳಸಿದ ಅನುಭವ ನೋಡಿದ ಮೇಲೆ, 2020ರಲ್ಲಿ ಆ ಪೆಟ್ಟಿಗೆ ಎಚ್ಚರಿಕೆಯನ್ನು ತೆಗೆಯಲಾಯಿತು.

ಹಾಗೆಂದು ಎಲ್ಲರಿಗೂ ಇದು ಹೊಂದುವುದಿಲ್ಲ. ಹಿಂದೆ ಎಲುಬಿನ ಕ್ಯಾನ್ಸರ್ ಆಗಿದ್ದರೆ, ಎಲುಬಿಗೆ ರೇಡಿಯೇಶನ್ ಕೊಡಿಸಿದ್ದರೆ, ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅಥವಾ ಕಿಡ್ನಿ ಕಲ್ಲಿದ್ದರೆ ಮೊದಲೇ ವೈದ್ಯರಿಗೆ ಹೇಳಲೇಬೇಕು.

ಅಡ್ಡಪರಿಣಾಮ ಕಂಡರೆ ಏನು ಮಾಡಬೇಕು?

ತಲೆಸುತ್ತು: ಮೊದಲ ಕೆಲವು ಡೋಸ್‌ಗಳಲ್ಲಿ, ಚುಚ್ಚಿದ ನಾಲ್ಕು ಗಂಟೆಯೊಳಗೆ ಬಿಪಿ ಇಳಿಯಬಹುದು. ಕುಳಿತೇ ಚುಚ್ಚಿಸಿಕೊಳ್ಳಿ. ತಲೆ ತಿರುಗಿದರೆ ತಕ್ಷಣ ಮಲಗಿ, ಏಳುವಾಗ ನಿಧಾನವಾಗಿ ಏಳಿ. ರಾತ್ರಿ ಮಲಗುವ ಮುಂಚೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಆದರೆ ಅವ್ವ ರಾತ್ರಿ ಬಚ್ಚಲಿಗೆ ಎದ್ದರೆ ಜೊತೆಗೊಬ್ಬರು ಇರಲಿ. ಎಲುಬು ಟೊಳ್ಳಾದವರಿಗೆ ತಲೆಸುತ್ತಿಗಿಂತ ಬೀಳುವುದೇ ದೊಡ್ಡ ಅಪಾಯ. ಬಿಪಿ ಮಾತ್ರೆ ನುಂಗುತ್ತಿದ್ದರೆ ಅದನ್ನೂ ತಿಳಿಸಿ.

ಕಾಲು ಸೆಳೆತ, ಕೀಲು ನೋವು: ಮೀನಖಂಡವನ್ನು ಮೆಲ್ಲಗೆ ಚಾಚಿ, ತಿಕ್ಕಿ. ಕಡಿಮೆಯಾಗದಿದ್ದರೆ ವೈದ್ಯರಿಗೆ ಹೇಳಿ.

ಚುಚ್ಚಿದಲ್ಲಿ ಕೆಂಪು, ತುರಿಕೆ: ದಿನವೂ ಜಾಗ ಬದಲಿಸಿ. ಪ್ರತಿಸಲ ಹೊಸ ಸೂಜಿ ಬಳಸಿ.

ಬಿಡದ ವಾಕರಿಕೆ, ವಾಂತಿ, ಮಲಬದ್ಧತೆ, ನಿಶ್ಶಕ್ತಿ: ರಕ್ತದಲ್ಲಿ ಕ್ಯಾಲ್ಸಿಯಂ ಏರಿರಬಹುದು. ಪರೀಕ್ಷೆ ಮಾಡಿಸಬೇಕು. ಇಂಜೆಕ್ಷನ್ ಆದ ಕೆಲವು ಗಂಟೆ ಕ್ಯಾಲ್ಸಿಯಂ ತಾನಾಗಿಯೇ ಏರಿರುತ್ತದೆ, ಹಾಗಾಗಿ ಕನಿಷ್ಠ 16 ಗಂಟೆ ಕಳೆದ ಮೇಲೆ ರಕ್ತ ಕೊಡಿ. ಬರೆದುಕೊಟ್ಟದ್ದಕ್ಕಿಂತ ಹೆಚ್ಚು ಕ್ಯಾಲ್ಸಿಯಂ ಮಾತ್ರೆ ನುಂಗಬೇಡಿ.

ಉಸಿರಾಟದ ತೊಂದರೆ, ಮುಖ ಊದುವುದು, ಪ್ರಜ್ಞೆ ತಪ್ಪುವುದು: ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಬಿಸಿಲ ನಾಡಿನಲ್ಲಿ ಪೆನ್ ಜೋಪಾನ

ಯಾದಗಿರಿ ಜಿಲ್ಲೆಯಲ್ಲಿ ಬೇಸಿಗೆ ಬಿಸಿಲು 40 ಡಿಗ್ರಿ ದಾಟುತ್ತದೆ. ಬಹುತೇಕ ಪೆನ್‌ಗಳನ್ನು 2ರಿಂದ 8 ಡಿಗ್ರಿಯಲ್ಲಿ, ಅಂದರೆ ಫ್ರಿಡ್ಜ್‌ನಲ್ಲಿ ಇಡಬೇಕು. ಕಲಬುರಗಿಯಿಂದ ಬಸ್ಸಿನಲ್ಲಿ ತರುವುದಾದರೆ ಐಸ್ ಪ್ಯಾಕ್ ಇರುವ ಡಬ್ಬಿಯಲ್ಲಿ ತನ್ನಿ. ಪೆನ್ನಿಗೆ ಬಟ್ಟೆ ಸುತ್ತಿ, ಐಸ್ ನೇರ ತಾಗದಿರಲಿ. ಫ್ರೀಜರ್‌ನಲ್ಲಿಟ್ಟು ಹೆಪ್ಪುಗಟ್ಟಿದ ಪೆನ್ ಬಳಸಬೇಡಿ. ಸಾಮಾನ್ಯವಾಗಿ ಶುರು ಮಾಡಿದ ಪೆನ್ನನ್ನು 28 ದಿನದ ಮೇಲೆ ಬಳಸುವಂತಿಲ್ಲ, ಔಷಧ ಉಳಿದಿದ್ದರೂ ಸರಿ. ನಿಮ್ಮ ಪೆನ್ನಿನ ಚೀಟಿಯಲ್ಲಿ ಏನಿದೆ ಎಂದು ಔಷಧ ಅಂಗಡಿಯವರಿಂದ ಓದಿಸಿಕೊಳ್ಳಿ.

ನಡುವೆ ಬಿಟ್ಟರೆ ಏನಾಗುತ್ತದೆ?

ಟೆರಿಪ್ಯಾರಟೈಡನ್ನು ಸಾಮಾನ್ಯವಾಗಿ ಎರಡು ವರ್ಷದವರೆಗೆ ಕೊಡುತ್ತಾರೆ. ಮುಗಿದ ಮೇಲೆ ಬೇರೆ ಔಷಧ ಶುರು ಮಾಡದಿದ್ದರೆ, ಕಟ್ಟಿದ ಎಲುಬು ಮತ್ತೆ ಕರಗುತ್ತದೆ.

ಎಲ್ಲ "ಎಲುಬಿನ ಇಂಜೆಕ್ಷನ್"ಗಳೂ ಒಂದೇ ಅಲ್ಲ. ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಅನ್ನು ತಪ್ಪಿಸಿದರೆ ಬೆನ್ನೆಲುಬು ಒಂದರ ಮೇಲೊಂದು ಮುರಿಯುವ ಅಪಾಯವಿದೆ. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೋಲೆಡ್ರೊನಿಕ್ ಆಸಿಡ್ ಆದ ಮೂರು ದಿನದೊಳಗೆ ಜ್ವರ, ಮೈಕೈ ನೋವು ಬರಬಹುದು. ಅದು ಸಾಮಾನ್ಯವಾಗಿ ಕೆಲವು ದಿನದಲ್ಲಿ ಇಳಿಯುತ್ತದೆ, ವೈದ್ಯರು ಪ್ಯಾರಾಸಿಟಮಾಲ್ ಹೇಳುತ್ತಾರೆ. ಆದರೆ ಡ್ರಿಪ್‌ಗೆ ಮುಂಚೆ ಕಿಡ್ನಿ ಪರೀಕ್ಷೆ ಆಗಿರಲೇಬೇಕು. ಡೆನೊಸುಮ್ಯಾಬ್ ಆಗಲಿ, ಈ ಡ್ರಿಪ್ ಆಗಲಿ, ಹಲ್ಲು ಕೀಳಿಸುವುದಿದ್ದರೆ ಮುಂಚೆಯೇ ತಿಳಿಸಿ.

ಎಳ್ಳು-ಬೆಲ್ಲ ಸಾಕೇ?

ಎಳ್ಳಿನಲ್ಲಿ ಕ್ಯಾಲ್ಸಿಯಂ ಇದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೊಸರು ಧಾರಾಳವಾಗಿ ತಿನ್ನಲಿ. ಆದರೆ ಮನೆ ಕಟ್ಟಲು ಇಟ್ಟಿಗೆ ತಂದು ರಾಶಿ ಹಾಕಿದರೆ ಸಾಲದು, ಗೌಂಡಿಯೂ ಬೇಕು. ಇಲ್ಲಿ ಗೌಂಡಿಯ ಕೆಲಸ ಮಾಡುವುದು ಔಷಧ.

ಆ ಸಂದೇಶ ನಿಮ್ಮ ಗ್ರೂಪಿಗೂ ಬಂದಿದ್ದರೆ ಮುಂದಕ್ಕೆ ಕಳಿಸಬೇಡಿ. ಅದನ್ನು ನಂಬಿ ಯಾರದೋ ಅವ್ವ ಇಂಜೆಕ್ಷನ್ ಬಿಟ್ಟು, ಮತ್ತೊಮ್ಮೆ ಬಿದ್ದರೆ ಹಾಸಿಗೆ ಹಿಡಿಯಬಹುದು. ಕಳಿಸುವುದಿದ್ದರೆ ಇದನ್ನು ಕಳಿಸಿ.