ಹಾಸನದ ಕ್ರೈಸ್ತ ಸಭೆಗಳು: ಮೊದಲ ಮನೆತನಗಳು ಯಾರವು?

ಹಾಸನ: ಜಿಲ್ಲೆಯ ಹಳೆಯ ಚರ್ಚುಗಳ ಇತಿಹಾಸ ಕೆದಕಿದರೆ ಮೊದಲು ಕಾಣಸಿಗುವುದು ಪಾದ್ರಿಗಳ ಹೆಸರು. ಫ್ರಾನ್ಸಿನಿಂದ ಬಂದವರು, ಇಂಗ್ಲೆಂಡಿನಿಂದ ಬಂದವರು, ಅವರು ಬಂದ ವರ್ಷ, ಹೋದ ವರ್ಷ ಎಲ್ಲವೂ ಅಚ್ಚುಕಟ್ಟಾಗಿ ದಾಖಲಾಗಿವೆ. ಆದರೆ ಪಾದ್ರಿಯೊಬ್ಬರು ಬಂದ ಮಾತ್ರಕ್ಕೆ ಸಭೆ ಹುಟ್ಟುವುದಿಲ್ಲ. ಊರಿನಲ್ಲಿ ನೆಲೆನಿಂತು, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿ, ಅಲ್ಲಿಯೇ ಮಣ್ಣಾದ ಮನೆತನಗಳಿಂದ ಸಭೆ ಉಳಿಯುತ್ತದೆ. ಆ ಮೊದಲ ಮನೆತನಗಳು ಯಾರವು ಎಂಬ ಪ್ರಶ್ನೆಗೆ ಹಾಸನ ಜಿಲ್ಲೆಯಲ್ಲಿ ಒಂದೇ ಉತ್ತರವಿಲ್ಲ. ಒಂದು ಉತ್ತರ ಸಾತಳ್ಳಿಯ ಹೊಲಗಳಲ್ಲಿದೆ, ಇನ್ನೊಂದು 1876-78ರ ಭೀಕರ ಬರದಲ್ಲಿದೆ.

ಬಿಷಪ್ ಆಡಳಿತದ ಸಭೆ

ಇಂಗ್ಲಿಷಿನಲ್ಲಿ 'ಎಪಿಸ್ಕೋಪಲ್' ಎನ್ನುವುದು ಬಿಷಪ್ಪರ ಆಡಳಿತಕ್ಕೆ ಒಳಪಟ್ಟ ಸಭೆಯನ್ನು. ಹಾಸನ ಜಿಲ್ಲೆಯಲ್ಲಿ ಇಂದು ಅಂತಹ ಎರಡು ಪ್ರಮುಖ ಧಾರೆಗಳಿವೆ. ರೋಮನ್ ಕ್ಯಾಥೊಲಿಕರು 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವರು. ಅದಕ್ಕೂ ಮೊದಲು ಅವರು ಮೈಸೂರು ಧರ್ಮಪ್ರಾಂತ್ಯದಲ್ಲಿದ್ದರು. ಪ್ರೊಟೆಸ್ಟೆಂಟರಲ್ಲಿ ಹಳಬರು ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐಗೆ ಸೇರಿದವರು. ಅವರದು ಮಂಗಳೂರು ಕೇಂದ್ರವಾಗಿರುವ ಕರ್ನಾಟಕ ದಕ್ಷಿಣ ಸಭಾಪ್ರಾಂತ.

ಕ್ಯಾಥೊಲಿಕರಿಗೆ ಬಿಷಪ್ ಎಂಬುದು ಆರಂಭದಿಂದಲೂ ಇದ್ದ ವ್ಯವಸ್ಥೆ. ಆದರೆ ಪ್ರೊಟೆಸ್ಟೆಂಟ್ ಕುಟುಂಬಗಳ ಕಥೆ ಬೇರೆ. ಅವರ ಪೂರ್ವಿಕರನ್ನು ಸಭೆಗೆ ಸೇರಿಸಿಕೊಂಡ ಇಂಗ್ಲೆಂಡಿನ ವೆಸ್ಲಿಯನ್ ಮೆಥೋಡಿಸ್ಟ್ ಮಿಷನ್‌ನಲ್ಲಿ ಬಿಷಪ್ಪರೇ ಇರಲಿಲ್ಲ. ಅವರು ಬಿಷಪ್ ಆಡಳಿತಕ್ಕೆ ಬಂದದ್ದು 1947ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ದೊರೆತ ಆರು ವಾರಗಳ ನಂತರ.

ದೊಡ್ಡ ಸ್ವಾಮಿಯವರ ರೈತರು

ಮೈಸೂರು ಸೀಮೆಗೆ ಕ್ರೈಸ್ತ ಧರ್ಮವನ್ನು ತಂದವರು ಯೇಸುಸಭೆಯ ಪಾದ್ರಿಗಳು. ಇಟಲಿಯ ಲಿಯೊನಾರ್ಡೊ ಚಿನ್ನಾಮಿ 17ನೇ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣದಲ್ಲಿ ಮಿಷನ್ ಆರಂಭಿಸಿದರು. 1773ರಲ್ಲಿ ಪೋಪ್ ಅವರು ಯೇಸುಸಭೆಯನ್ನೇ ವಿಸರ್ಜಿಸಿದಾಗ ಈ ಸಭೆಗಳಿಗೆ ಪಾದ್ರಿಗಳ ಆಸರೆ ತಪ್ಪಿತು. ನಂತರದ ದಶಕಗಳ ಯುದ್ಧಗಳು ಅವುಗಳನ್ನು ಮತ್ತಷ್ಟು ಚದುರಿಸಿದವು.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ, ಚದುರಿದ ಕ್ರೈಸ್ತರನ್ನು ಒಂದುಗೂಡಿಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ಜೆ.ಎ. ದುಬುವಾ. 'ಹಿಂದೂ ಆಚಾರ ವಿಚಾರಗಳು' ಕುರಿತ ಗ್ರಂಥದಿಂದ ಅವರು ಜಗತ್ತಿಗೆ ಪರಿಚಿತರು. ಮೈಸೂರಿನ ಜನ ಮಾತ್ರ ಅವರನ್ನು ಕರೆದದ್ದು 'ದೊಡ್ಡ ಸ್ವಾಮಿಯವರು' ಎಂದು. ಸಿಡುಬಿಗೆ ಲಸಿಕೆ ಹಾಕಿಸಿಕೊಳ್ಳಲು ಜನ ಹೆದರುತ್ತಿದ್ದ ಕಾಲದಲ್ಲಿ, 1803ರ ಸೆಪ್ಟೆಂಬರ್‌ನಿಂದ 1804ರ ಏಪ್ರಿಲ್‌ವರೆಗೆ 25,432 ಮಂದಿಗೆ ಲಸಿಕೆ ಹಾಕಿ ಹೆಸರು ನೋಂದಾಯಿಸಲಾಯಿತೆಂದು ಅವರ ವರದಿ ಹೇಳುತ್ತದೆ.

ಹಾಸನದ ಪಾಲಿಗೆ ಅವರ ಮುಖ್ಯ ಕೊಡುಗೆ ಸಾತಳ್ಳಿಯ ಕ್ರೈಸ್ತ ರೈತ ವಸಾಹತು. ಇದನ್ನು ಸ್ಥಾಪಿಸಿದವರು ದುಬುವಾ ಎಂದು ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಉಲ್ಲೇಖಿಸುತ್ತದೆ. ಇಲ್ಲಿನ ಲೆಕ್ಕಾಚಾರ ಸರಳ. ಧರ್ಮ ಬದಲಿಸಿದವನು ಕುಲದ ಆಸರೆಯನ್ನೂ, ಅದರೊಂದಿಗೆ ಬರುತ್ತಿದ್ದ ಕಸುಬು, ಸಾಲ, ಮದುವೆಯ ಸಂಬಂಧಗಳನ್ನೂ ಕಳೆದುಕೊಳ್ಳುವ ಭಯವಿತ್ತು. ಉಳುವ ಭೂಮಿ ಇದ್ದು, ಸುತ್ತ ಸಭೆಯವರೇ ಇದ್ದರೆ ಮಾತ್ರ ಆತ ನಿಲ್ಲಬಲ್ಲ. ಹೀಗಾಗಿ ಈ ಭಾಗದಲ್ಲಿ ಸಭೆಯ ಸ್ಥಾಪಕ ಮನೆತನಗಳೆಂದರೆ ನೇಗಿಲು ಹಿಡಿದ ಒಕ್ಕಲು ಮನೆತನಗಳು.

ವಿಪರ್ಯಾಸವೆಂದರೆ, 1823ರಲ್ಲಿ ಭಾರತ ಬಿಟ್ಟ ದುಬುವಾ ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಈ ದೇಶದಲ್ಲಿ ಮತಾಂತರದ ಪ್ರಯತ್ನ ಫಲಿಸುವ ಸಾಧ್ಯತೆಯೇ ಇಲ್ಲವೆಂದು ವಾದಿಸಿದರು. ಅವರು ಕೈಚೆಲ್ಲಿದ ಕೆಲಸವನ್ನು ಅವರೇ ನೆಲೆಗೊಳಿಸಿದ ರೈತರು ಮುಂದುವರಿಸಿದರು.

ಹೆಸರಿನಲ್ಲಿ ಅಡಗಿದ ಚರಿತ್ರೆ

ಈ ಮನೆತನಗಳ ಹಳಮೆಯನ್ನು ತಿಳಿಯಲು ಹೆಸರುಗಳೇ ಒಂದು ಆಧಾರ. ಹಳೆಯ ಮೈಸೂರು ಭಾಗದ ಕ್ಯಾಥೊಲಿಕರಲ್ಲಿ ರಾಯಪ್ಪ, ಚಿನ್ನಪ್ಪ, ಅರುಳಪ್ಪ, ಇನ್ನಾಸಪ್ಪ, ಚೌರಪ್ಪ, ಅಂತೋಣಪ್ಪ ಮುಂತಾದ ಹೆಸರುಗಳು ಸಾಮಾನ್ಯ. ಹೊರಗಿನವರಿಗೆ ಇವು ಅಪ್ಪಟ ಹಳ್ಳಿಯ ಹೆಸರುಗಳಂತೆ ಕೇಳಿಸುತ್ತವೆ. ವಾಸ್ತವವಾಗಿ ರಾಯಪ್ಪ ಎಂದರೆ ಪೇತ್ರ, ಚಿನ್ನಪ್ಪ ಎಂದರೆ ಪೌಲ, ಅರುಳಪ್ಪ ಎಂದರೆ ಯೊವಾನ್ನ. ಇನ್ನಾಸಪ್ಪ ಇಗ್ನೇಷಿಯಸ್ ಆದರೆ ಚೌರಪ್ಪ ಕ್ಸೇವಿಯರ್. ಯೇಸುಸಭೆಯ ಪಾದ್ರಿಗಳು ತಮಿಳು ನಾಡಿನಲ್ಲಿ ರೂಢಿಸಿದ ಹೆಸರುಗಳು ಕನ್ನಡದ ಬಾಯಿಗೆ ಒಗ್ಗಿಕೊಂಡು ಉಳಿದಿವೆ.

ಕೆಲವು ಹೆಸರುಗಳಿಂದ ಕಾಲವನ್ನೂ ಊಹಿಸಬಹುದು. ಫ್ರಾನ್ಸಿನ ಲೂರ್ದು ಪಟ್ಟಣ ಪುಣ್ಯಕ್ಷೇತ್ರವಾದದ್ದು 1858ರ ಘಟನೆಗಳ ನಂತರ. ಆದ್ದರಿಂದ ವಂಶಾವಳಿಯಲ್ಲಿ ಲೂರ್ದಮ್ಮ ಎಂಬ ಹೆಸರು ಕಂಡರೆ ಆಕೆ ಅದಕ್ಕಿಂತ ಈಚಿನ ತಲೆಮಾರಿನವಳೆಂದು ಖಚಿತವಾಗಿ ಹೇಳಬಹುದು.

ಬರ ಕಟ್ಟಿದ ಸಂಸಾರಗಳು

ಪ್ರೊಟೆಸ್ಟೆಂಟ್ ಮನೆತನಗಳ ಮೂಲ ಇದಕ್ಕಿಂತ ಕರುಣಾಜನಕ. ವೆಸ್ಲಿಯನ್ ಮಿಷನ್ ಬೆಂಗಳೂರಿನಲ್ಲಿ ಕಾಲೂರಿದ್ದು 1821ರಲ್ಲಿ. 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಕನ್ನಡ ಕೆಲಸ ಆರಂಭಿಸಿದರು. ಶಾಲೆ, ಮುದ್ರಣ, ಸಂತೆಯಲ್ಲಿ ಉಪದೇಶ ಎಲ್ಲವೂ ನಡೆದರೂ ಸಭೆಗೆ ಸೇರಿದವರ ಸಂಖ್ಯೆ ಅಲ್ಪವಾಗಿತ್ತು.

1876-78ರ ಬರ ಈ ಚಿತ್ರವನ್ನು ಬದಲಿಸಿತು. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ತಂದೆ ತಾಯಿಯನ್ನು ಕಳೆದುಕೊಂಡ ಮಕ್ಕಳು ರಸ್ತೆ ಬದಿಯಲ್ಲಿ, ಗಂಜಿ ಕೇಂದ್ರಗಳಲ್ಲಿ ಉಳಿದರು. ವೆಸ್ಲಿಯನ್ ಮಿಷನ್ ಅಂತಹ ಗಂಡುಮಕ್ಕಳಿಗಾಗಿ ತುಮಕೂರಿನಲ್ಲಿಯೂ, ಹೆಣ್ಣುಮಕ್ಕಳಿಗಾಗಿ ಹಾಸನದಲ್ಲಿಯೂ ಅನಾಥಾಲಯಗಳನ್ನು ನಡೆಸಿತು.

ಹಾಸನದ ಪ್ರೊಟೆಸ್ಟೆಂಟ್ ಸಭೆಯ ಚರಿತ್ರೆಯಲ್ಲಿ ಇದು ಮಹತ್ವದ ತಿರುವು. ಸಾಮಾನ್ಯವಾಗಿ ಸ್ಥಾಪಕ ಮನೆತನವೆಂದರೆ ಒಬ್ಬ ಹಿರಿಯ, ಅವನ ಮನೆ, ಅವನ ಆಸ್ತಿ ನೆನಪಾಗುತ್ತವೆ. ಇಲ್ಲಿ ಸಭೆಯ ಬುನಾದಿಯಲ್ಲಿ ಇದ್ದವರು ಮನೆಯೂ ಆಸ್ತಿಯೂ ಇಲ್ಲದ, ಎಷ್ಟೋ ಸಲ ತಮ್ಮ ಊರಿನ ಹೆಸರನ್ನೂ ಹೇಳಲಾರದ ಎಳೆಯ ಹೆಣ್ಣುಮಕ್ಕಳು. ಅವರಿಗೆ ಓದು, ಹೊಲಿಗೆ, ಮನೆಗೆಲಸ ಕಲಿಸಲಾಯಿತು. ಮಿಷನ್ ಶಾಲೆಗಳ ಉಪಾಧ್ಯಾಯಿನಿಯರು, ಮನೆಮನೆಗೆ ಹೋಗಿ ಹೆಂಗಸರಿಗೆ ಓದಿ ಹೇಳುವ ಬೈಬಲ್ ಸ್ತ್ರೀಯರು, ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯಂತಹ ಮಿಷನ್ ಆಸ್ಪತ್ರೆಗಳ ದಾದಿಯರು ದೊರೆತದ್ದು ಇಂತಹ ಸಂಸ್ಥೆಗಳಲ್ಲಿ ಬೆಳೆದ ತಲೆಮಾರುಗಳಿಂದಲೇ. ಹೆಣ್ಣುಮಕ್ಕಳ ಶಿಕ್ಷಣ ಅಪರೂಪವಾಗಿದ್ದ ಕಾಲದಲ್ಲಿ ಸಂಬಳ ಎಣಿಸಿಕೊಳ್ಳುವ ತಾಯಂದಿರು ಈ ಮನೆಗಳಲ್ಲಿದ್ದರು.

ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಹಸಿದ ಮಗುವಿಗೆ ಧರ್ಮದ ಆಯ್ಕೆ ಎಂಬುದು ಎಲ್ಲಿಯದು ಎಂಬ ಟೀಕೆ ಅಂದಿನಿಂದ ಇಂದಿನವರೆಗೂ ಇದೆ. ಆದರೆ ಗಂಜಿ ಸಿಗದೆ ಸಾಯುತ್ತಿದ್ದ ಮಗುವಿನ ಮುಂದೆ ಬೇರಾವ ಆಯ್ಕೆಯೂ ಇರಲಿಲ್ಲ ಎಂಬುದೂ ಅಷ್ಟೇ ನಿಜ. ಮುಂದೆ ದೊಡ್ಡವರಾದ ಮೇಲೆ ಅವರು ಅದೇ ಸಭೆಯಲ್ಲಿ ಮದುವೆಯಾಗಿ, ಮಕ್ಕಳನ್ನು ಅಲ್ಲಿಯೇ ಬೆಳೆಸಿದ್ದು ಅವರದೇ ನಿರ್ಧಾರ.

ಸದಸ್ಯರೆಂದರೆ ಯಾರು?

ವೆಸ್ಲಿಯನ್ ಪದ್ಧತಿಯಲ್ಲಿ ದೀಕ್ಷಾಸ್ನಾನ ಪಡೆದವರೆಲ್ಲ ಸದಸ್ಯರಲ್ಲ. ಸಭೆಯನ್ನು ಚಿಕ್ಕ 'ವರ್ಗ'ಗಳಾಗಿ ವಿಂಗಡಿಸಿ, ಪ್ರತಿ ವರ್ಗಕ್ಕೂ ಒಬ್ಬ ನಾಯಕನನ್ನು ನೇಮಿಸಲಾಗುತ್ತಿತ್ತು. ತಪ್ಪದೆ ಹಾಜರಾದವರಿಗೆ ಮೂರು ತಿಂಗಳಿಗೊಮ್ಮೆ ಚೀಟಿ ದೊರೆಯುತ್ತಿತ್ತು. ಚೀಟಿ ಇದ್ದವರೇ ಪೂರ್ಣ ಸದಸ್ಯರು. ಹೀಗಾಗಿ ಹಳೆಯ ವರದಿಗಳ 'ಸದಸ್ಯರ ಸಂಖ್ಯೆ'ಯನ್ನು ಆ ಊರಿನ ಒಟ್ಟು ಕ್ರೈಸ್ತರ ಸಂಖ್ಯೆ ಎಂದು ಓದಿದರೆ ತಪ್ಪಾಗುತ್ತದೆ.

ಆಡಳಿತ ನಡೆಯುತ್ತಿದ್ದುದು 'ಸರ್ಕ್ಯೂಟ್' ಲೆಕ್ಕದಲ್ಲಿ. ಒಬ್ಬ ಬೋಧಕರ ಕೈಕೆಳಗೆ ಕೇಂದ್ರ ಊರೂ ಅದರ ಸುತ್ತಲಿನ ಊರುಗಳೂ ಸೇರುತ್ತಿದ್ದವು. ಪೂರ್ವಿಕರು ತಾಲ್ಲೂಕು ಕೇಂದ್ರದಲ್ಲಿ ಬಾಳಿದ್ದರೂ ಅವರ ದೀಕ್ಷಾಸ್ನಾನದ ದಾಖಲೆ ಸರ್ಕ್ಯೂಟ್ ಕೇಂದ್ರದ ಪುಸ್ತಕದಲ್ಲಿರುವ ಸಾಧ್ಯತೆ ಹೆಚ್ಚು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕುಟುಂಬಗಳು ಬೇರು ಹುಡುಕುವಾಗ ತಮ್ಮ ಊರಿಗೇ ಸೀಮಿತವಾಗದೆ ಹಾಸನದತ್ತಲೂ ನೋಡಬೇಕಾದುದು ಇದೇ ಕಾರಣಕ್ಕೆ.

1947ರ ಕೂಡುವಿಕೆ

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ಅಸ್ತಿತ್ವಕ್ಕೆ ಬಂತು. ಆಂಗ್ಲಿಕನ್ನರು, ಮೆಥೋಡಿಸ್ಟರು, ಪ್ರೆಸ್ಬಿಟೀರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಯ ಸಭೆಗಳು ಒಂದಾದವು. ಬಿಷಪ್ಪರಿದ್ದ ಸಭೆಗಳೂ ಇಲ್ಲದ ಸಭೆಗಳೂ ಹೀಗೆ ಒಂದೇ ಆಡಳಿತಕ್ಕೆ ಸೇರಿದ್ದು ಜಗತ್ತಿನ ಕ್ರೈಸ್ತ ಚರಿತ್ರೆಯಲ್ಲಿಯೇ ಹೊಸತಾಗಿತ್ತು. ಮೈಸೂರು ಸಭಾಪ್ರಾಂತಕ್ಕೆ ಕನ್ನಡಿಗರೇ ಆದ ಪಿ. ಗುರುಶಾಂತ ಮೊದಲ ಬಿಷಪ್ಪರಾದರು. ಅವರ ನಂತರ ಎನ್.ಸಿ. ಸಾರ್ಜೆಂಟ್ ಬಂದರು. 1970ರಲ್ಲಿ ಕರ್ನಾಟಕದ ಸಭಾಪ್ರಾಂತಗಳು ಉತ್ತರ, ಮಧ್ಯ ಮತ್ತು ದಕ್ಷಿಣ ಎಂದು ಪುನರ್ವಿಂಗಡಣೆಯಾದವು.

ಅಮೆರಿಕದಿಂದ ಬಂದ ಮೆಥೋಡಿಸ್ಟ್ ಎಪಿಸ್ಕೋಪಲ್ ಸಭೆ ಈ ಒಕ್ಕೂಟಕ್ಕೆ ಸೇರಲಿಲ್ಲ ಎಂಬುದನ್ನು ಗಮನಿಸಬೇಕು. ಬೀದರ್, ಕೋಲಾರ ಮೊದಲಾದೆಡೆಯ ಮೆಥೋಡಿಸ್ಟರೂ ಹಾಸನದ ಹಳೆಯ ಮೆಥೋಡಿಸ್ಟರೂ ಹೆಸರಿನಲ್ಲಿ ಒಂದಾದರೂ ಬೇರೆ ಬೇರೆ ಪರಂಪರೆಯವರು.

ಹೇಮಾವತಿ ನುಂಗಿದ ಊರು

ಭೂಮಿಯ ಮೇಲೆ ಕಟ್ಟಿದ ಸಭೆಗೆ ಭೂಮಿಯೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಶೆಟ್ಟಿಹಳ್ಳಿ ಸಾಕ್ಷಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳ ಕಾಲದಲ್ಲಿ ನಿರ್ಮಾಣವಾದ ಇಲ್ಲಿನ ಜಪಮಾಲೆ ಮಾತೆಯ ಚರ್ಚು ಇಂದು ಪ್ರವಾಸಿಗರಿಗೆ 'ಮುಳುಗುವ ಚರ್ಚು' ಎಂದೇ ಪರಿಚಿತ. ಇದನ್ನು ಅಬ್ಬೆ ದುಬುವಾ ಕಟ್ಟಿಸಿದರೆಂಬ ಮಾತು ಆಗಾಗ ಕೇಳಿಬರುತ್ತದೆ. 1823ರಲ್ಲಿ ದೇಶ ಬಿಟ್ಟು 1848ರಲ್ಲಿ ತೀರಿಕೊಂಡವರು ಅದನ್ನು ಕಟ್ಟಿಸಿರುವುದು ಸಾಧ್ಯವಿಲ್ಲ.

ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡು, ಹಿನ್ನೀರು ಏರಿದಾಗ ಊರಿನ ಜನ ಎದ್ದು ಹೋಗಬೇಕಾಯಿತು. ತಲೆಮಾರುಗಳಿಂದ ಒಂದೇ ಗಂಟೆಯ ಸದ್ದಿಗೆ ಎದ್ದು, ಒಂದೇ ಸ್ಮಶಾನದಲ್ಲಿ ಹಿರಿಯರನ್ನು ಮಣ್ಣುಮಾಡಿದ್ದ ಮನೆತನಗಳು ಬೇರೆ ಬೇರೆ ಕಡೆ ನೆಲೆ ಕಂಡುಕೊಂಡವು. ಅದೇ ಹೇಮಾವತಿಯ ನೀರು ನಾಲೆಗಳ ಮೂಲಕ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹೊಲಗಳಿಗೆ ಹರಿಯಿತು. ಒಂದು ಕಡೆಯ ಒಕ್ಕಲು ತೆತ್ತ ಬೆಲೆಯಿಂದ ಇನ್ನೊಂದು ಕಡೆಯ ಒಕ್ಕಲಿಗೆ ಬೆಳೆ ದೊರೆಯಿತು. ಸೂರಿಲ್ಲದ ಗೋಡೆಗಳು ಮಳೆಗಾಲದಲ್ಲಿ ನೀರಿಗೂ ಬೇಸಿಗೆಯಲ್ಲಿ ಬಿಸಿಲಿಗೂ ಒಡ್ಡಿಕೊಂಡು ಸವೆಯುತ್ತಿವೆ. ಪ್ರವಾಸಿಗರು ಛಾಯಾಚಿತ್ರ ತೆಗೆಯುವ ಆ ಗೋಡೆಗಳ ಸುತ್ತ ಒಂದು ಊರಿತ್ತು ಎಂಬುದು ಬಹುತೇಕರಿಗೆ ತಿಳಿಯದು.

ದಾಖಲೆಯ ಬೆಲೆ

ಪೂರ್ವಿಕರ ಹುಡುಕಾಟ ಕೇವಲ ಅಭಿಮಾನದ ಸಂಗತಿಯಲ್ಲ. 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತರು ಪರಿಶಿಷ್ಟ ಜಾತಿಯ ಪಟ್ಟಿಗೆ ಸೇರುವುದಿಲ್ಲ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು ಪ್ರವರ್ಗ 3ಬಿಯಲ್ಲಿದ್ದರೆ, ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿದ್ದಾರೆ. ಅಜ್ಜ ಯಾವ ಕುಲದಿಂದ ಬಂದರೆಂಬುದು ಮೊಮ್ಮಗಳ ಕಾಲೇಜು ಸೀಟಿನ ಪ್ರಶ್ನೆಯೂ ಆಗಬಹುದು. ಬರದಲ್ಲಿ ಅನಾಥಳಾಗಿ ಬಂದ ಮುತ್ತಜ್ಜಿಯ ವಂಶಸ್ಥರಿಗೆ ಆ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭವಲ್ಲ.

ಹುಡುಕುವವರಿಗೆ ಮೊದಲ ಮೆಟ್ಟಿಲು ಸ್ಥಳೀಯ ಚರ್ಚಿನ ದೀಕ್ಷಾಸ್ನಾನ, ವಿವಾಹ ಮತ್ತು ಮರಣದ ಪುಸ್ತಕಗಳು. ಕ್ಯಾಥೊಲಿಕ್ ಪುಸ್ತಕಗಳಲ್ಲಿ ಹಳೆಯ ನಮೂದುಗಳು ಸಾಮಾನ್ಯವಾಗಿ ಲ್ಯಾಟಿನ್ ಭಾಷೆಯಲ್ಲಿರುತ್ತವೆ. ತಂದೆ ತಾಯಿಯ ಜೊತೆಗೆ ಜ್ಞಾನಪೋಷಕರ ಹೆಸರೂ ಇರುವುದರಿಂದ ಅಂದಿನ ನಂಟಸ್ತಿಕೆಗಳೂ ಗೋಚರಿಸುತ್ತವೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ದಾಖಲಾಗಾರ, ವೆಸ್ಲಿಯನ್ ಮಿಷನ್ ಕಾಗದಪತ್ರಗಳಿರುವ ಲಂಡನ್‌ನ ಸೋವಾಸ್ ಗ್ರಂಥಾಲಯ ಹಾಗೂ ಫ್ರೆಂಚ್ ಪಾದ್ರಿಗಳ ದಾಖಲೆಗಳಿರುವ ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಭಂಡಾರ ನಂತರದ ಮೆಟ್ಟಿಲುಗಳು.

ಆದರೆ ಲಂಡನ್, ಪ್ಯಾರಿಸ್‌ಗಳ ಕಡತಗಳಲ್ಲಿ ಹೆಚ್ಚಾಗಿ ಸಿಗುವುದು ಪಾದ್ರಿಗಳ ಬರಹ. ರಾಯಪ್ಪ, ಲೂರ್ದಮ್ಮರ ಹೆಸರು ಸಿಗಬೇಕಾದರೆ ಊರಿನ ಪುಸ್ತಕಗಳೇ ಬೇಕು. ಮಲೆನಾಡಿನ ಅಂಚಿನ ತೇವದಲ್ಲಿ ಕಾಗದ ಬಹುಕಾಲ ಬಾಳುವುದಿಲ್ಲ. ಅವುಗಳನ್ನು ಸ್ಕ್ಯಾನ್ ಮಾಡಿಡುವ ಕೆಲಸಕ್ಕೆ ದೊಡ್ಡ ಮೊತ್ತವೇನೂ ಬೇಕಾಗದು. ಅಜ್ಜ ಅಜ್ಜಿಯರಿಂದ ಕೇಳಿದ್ದನ್ನು ನೆನಪಿಟ್ಟುಕೊಂಡ ಹಿರಿಯರು ಇನ್ನೂ ಇರುವಾಗಲೇ ಆ ಕೆಲಸ ಆಗಬೇಕಾಗಿದೆ.