ಚಿತ್ರ ನೋಡಿ ಕೊಂಡ ದೋಟಿ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರರಲ್ಲಿ ಯಾವ ಪೇಟೆಯ ಅಡಿಕೆ ಟೆಂಡರಿಗೆ ಹೋದರೂ ಕಾಣುವ ನೋಟ ಒಂದೇ. ಬಂದ ವ್ಯಾಪಾರಿ ರಾಶಿಯ ಮೇಲ್ಭಾಗ ನೋಡಿ ದರ ಬರೆಯುವುದಿಲ್ಲ. ಮೊಣಕೈವರೆಗೆ ಕೈ ಇಳಿಸಿ ಅಡಿಯಿಂದ ಒಂದು ಹಿಡಿ ತೆಗೆಯುತ್ತಾನೆ. ಎರಡು ಅಡಿಕೆ ಒಡೆದು ಒಳಗಿನ ಬಣ್ಣ ನೋಡುತ್ತಾನೆ, ಒಣಗಿದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತಾನೆ. ಆಮೇಲೆಯೇ ಚೀಟಿಯಲ್ಲಿ ದರ ಬೀಳುವುದು. ಮೇಲೆ ಒಳ್ಳೆಯ ಚಾಲಿ, ಕೆಳಗೆ ಗೋಟು ತುಂಬಿ ತಂದವರ ಗುಟ್ಟು ಅಲ್ಲಿಯೇ ಬಯಲಾಗುತ್ತದೆ.

ತಲೆಮಾರುಗಳಿಂದ ಹೀಗೆ ಮಾಲು ತೋರಿಸಿ ಮಾರಿದ ತೋಟಿಗರು ನಾವು. ಆದರೆ ನಾವೇ ಕೊಳ್ಳುವವರಾದಾಗ, ಅಂಗೈಯಗಲದ ಫೋನಿನಲ್ಲಿ ಒಂದು ಚಿತ್ರ ನೋಡಿ ಸಾವಿರಾರು ರೂಪಾಯಿ ಕಳಿಸಿಬಿಡುತ್ತೇವೆ. ಈ ಸಲ ಅದರ ಕುರಿತು ನಾಲ್ಕು ಮಾತು ಬರೆಯಬೇಕೆನಿಸಿದೆ. ಇದು ಪರರ ಕಥೆಯಲ್ಲ, ನಾವೇ ಮೋಸ ಹೋದ ಕಥೆ. ಇಪ್ಪತ್ತು ವರ್ಷ ಸಂಘದ ಲೆಕ್ಕಪತ್ರ ತಪಾಸಿಸಿದವರಿಗೇ ಹೀಗಾಯಿತೇ ಎಂದು ನಗುವವರು ನಗಲಿ. ನಕ್ಕವರು ಎಚ್ಚರಗೊಂಡರೆ ಅಷ್ಟೇ ಸಾಕು.

ಬಂದದ್ದೇನು?

ಕೊನೆಗೌಡರು ಸಿಗುವುದು ದುರ್ಲಭವಾಗಿರುವ ಈ ಕಾಲದಲ್ಲಿ ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ ದೋಟಿ ಬೇಕೆಂಬುದು ಎಲ್ಲರ ಆಸೆ. ದೀಪಾವಳಿಯ ಹೊತ್ತಿಗೆ ಆನ್‌ಲೈನ್ ಪೇಟೆಯೊಂದರಲ್ಲಿ ಒಂದು ದೋಟಿ ಕಂಡಿತು. ‘60 ಅಡಿ, ಕಾರ್ಬನ್ ಫೈಬರ್, ಶಾಕ್ ತಗಲುವುದಿಲ್ಲ’ ಎಂದು ದೊಡ್ಡ ಅಕ್ಷರದಲ್ಲಿತ್ತು. 80 ಸಾವಿರ ಎಂಬ ಬೆಲೆಗೆ ಗೀಟು ಹಾಕಿ ಕೆಳಗೆ 28 ಸಾವಿರ ಎಂದು ಬರೆದಿತ್ತು. ‘ಇನ್ನು ಎರಡೇ ಉಳಿದಿವೆ’ ಎಂಬ ಕೆಂಪು ಸಾಲು ಬೇರೆ. ಗ್ರಾಹಕರು ಕೊಟ್ಟ ನಕ್ಷತ್ರಗಳು ನಾಲ್ಕೂವರೆ. ನಾವು ಅವಸರ ಬಿದ್ದು ಹಣ ಕಟ್ಟಿದೆವು.

ಪೊಟ್ಟಣ ಬಂದು ಅಟ್ಟ ಸೇರಿತು. ಕೊಯ್ಲಿಗೆ ಇನ್ನೂ ದಿನವಿದ್ದುದರಿಂದ ಬಿಚ್ಚಿದ್ದು ಹನ್ನೆರಡನೆಯ ದಿನ. ತುಂಡುಗಳನ್ನು ಒಂದರೊಳಗೊಂದು ಸೇರಿಸಿ ಅಳೆದರೆ 51 ಅಡಿ. 60 ಅಡಿ ಎಂದದ್ದು ತುಂಡುಗಳನ್ನು ಬಿಡಿಬಿಡಿಯಾಗಿ ಅಳೆದು ಕೂಡಿಸಿದ ಲೆಕ್ಕ! ಎತ್ತಿ ನಿಲ್ಲಿಸಿದರೆ ತುದಿ ಬಾಗಿ ನೆಲದತ್ತ ನೋಡುತ್ತಿತ್ತು. ಕೊಯ್ಲಿಗೆ ಬಂದ ಗೌಡ ಒಮ್ಮೆ ಅಲ್ಲಾಡಿಸಿ ನೋಡಿ, “ಹೆಗಡೇರೇ, ಇದು ದೋಟಿ ಅಲ್ಲ, ಗಾಳದ ಕೋಲು” ಎಂದು ಕೆಳಗಿಟ್ಟ.

ಆ ಮೇಲೆ ಪುಟವನ್ನು ನಿಧಾನವಾಗಿ ಓದಿದೆವು. ‘ಕಾರ್ಬನ್’ ಎಂಬುದು ತಲೆಬರಹದಲ್ಲಿ ಮಾತ್ರ. ಕೆಳಗಿನ ಸಣ್ಣಕ್ಷರದಲ್ಲಿ ಬರೇ ‘ಫೈಬರ್’. ಅಭಿಪ್ರಾಯಗಳನ್ನು ಬಿಚ್ಚಿ ನೋಡಿದರೆ ಗೌಡನ ಮಾತೇ ನಿಜ. ಹಲವರು ಹೊಗಳಿದ್ದು ಮೀನು ಹಿಡಿಯುವ ಗಾಳದ ಕೋಲನ್ನು! ಹಳೆಯ ಮಾಲಿನ ಪುಟದಲ್ಲಿ ಚಿತ್ರ ಮತ್ತು ಹೆಸರು ಬದಲಿಸಿ, ಅದರ ನಕ್ಷತ್ರಗಳನ್ನು ಹಾಗೆಯೇ ಉಳಿಸಿಕೊಳ್ಳುವ ಉಪಾಯವಿದು. ‘ಎರಡೇ ಉಳಿದಿವೆ’ ಎಂಬ ಸಾಲು ತಿಂಗಳ ನಂತರವೂ ಹಾಗೆಯೇ ಇತ್ತು. ಇಂಥ ಸುಳ್ಳು ಅವಸರವೂ ಸೇರಿದಂತೆ 13 ಬಗೆಯ ಕಣ್ಕಟ್ಟುಗಳನ್ನು ಕೇಂದ್ರ ಸರಕಾರ 2023ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿ ನಿಷೇಧಿಸಿದೆ. ನಿಷೇಧವಿದ್ದ ಮಾತ್ರಕ್ಕೆ ಕಣ್ಕಟ್ಟು ನಿಂತಿಲ್ಲ ಎಂಬುದು ಬೇರೆ ಮಾತು.

ಇದರಲ್ಲಿ ಹಣಕ್ಕಿಂತ ದೊಡ್ಡ ಅಪಾಯ ಒಂದಿದೆ. ನಿಜವಾದ ಕಾರ್ಬನ್ ಫೈಬರ್ ಅಲ್ಯೂಮಿನಿಯಂನಂತೆಯೇ ವಿದ್ಯುತ್ತನ್ನು ಹರಿಸುತ್ತದೆ. ‘ಕಾರ್ಬನ್’ ಮತ್ತು ‘ಶಾಕ್ ತಗಲುವುದಿಲ್ಲ’ ಎಂಬ ಎರಡು ಮಾತು ಒಂದೇ ಪುಟದಲ್ಲಿದ್ದರೆ ಅವುಗಳಲ್ಲಿ ಒಂದು ಸುಳ್ಳೆಂದು ಭಾವಿಸತಕ್ಕದ್ದು. ಅದನ್ನು ನಂಬಿ ತೋಟದ ಮೇಲೆ ಹಾದುಹೋದ ತಂತಿಯ ಹತ್ತಿರ ದೋಟಿ ಎತ್ತಿದವನಿಗೆ ಹಣವಲ್ಲ, ಜೀವವೇ ಹೋದೀತು.

ವಾಪಸಿನ ಗಡುವು, ನಮ್ಮ ಬೆಳೆಯ ಗಡುವು

ಮಾರಿದವರಿಗೆ ಬರೆದೆವು. ವಾಪಸು ಕೊಡುವ ಗಡುವು ಏಳು ದಿನ, ಅದು ಮುಗಿದಿದೆ ಎಂಬ ಉತ್ತರ ಬಂತು. ಆಗ ಹೊಳೆದ ಸಂಗತಿಯೇ ಈ ಬರಹದ ಮುಖ್ಯ ಮಾತು. ಈ ಪೇಟೆಯ ಗಡುವುಗಳು ಅಂಗಿ, ಚಪ್ಪಲಿಗಳಿಗೆ ಹೊಂದುವಂಥವು, ತೋಟದ ವಸ್ತುಗಳಿಗಲ್ಲ.

ದೋಟಿಯ ದೋಷವೇನೋ ಬಿಚ್ಚಿದ ದಿನವೇ ತಿಳಿಯಿತು. ಮೈಲುತುತ್ತದ ದೋಷ ಯಾವಾಗ ತಿಳಿಯುತ್ತದೆ? ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆ ಒಂದು ಕಿಲೋದಲ್ಲಿ ಕಲಬೆರಕೆಯಿದ್ದರೆ ಲೆಕ್ಕ ಸರಿಯಿದ್ದೂ ಮದ್ದು ಸೋಲುತ್ತದೆ. ಅದು ಗೊತ್ತಾಗುವುದು ಆಷಾಢದ ಮಳೆಯಲ್ಲಿ ಕೊಳೆ ತಗಲಿ ಕಾಯಿ ಉದುರಿದ ಮೇಲೆ. ಏಳು ದಿನದ ಗಡುವು ಅಷ್ಟರಲ್ಲಿ ಎಷ್ಟು ಸಲ ಕಳೆದಿರುತ್ತದೆ! ಪರವಾನಿಗೆ ಇದ್ದವರು ಕೀಟನಾಶಕ, ರೋಗನಾಶಕಗಳನ್ನು ಆನ್‌ಲೈನಿನಲ್ಲಿಯೂ ಮಾರಬಹುದೆಂದು 2022ರಲ್ಲಿ ನಿಯಮ ತಿದ್ದುಪಡಿಯಾಗಿದೆ. ಮಾರುವವನ ಪರವಾನಿಗೆ ಪರಿಶೀಲಿಸುವ ಹೊಣೆ ಆ ಪೇಟೆಯದು. ಆದಕಾರಣ ಪರವಾನಿಗೆಯ ಸಂಖ್ಯೆ ಮತ್ತು ಪಕ್ಕಾ ಬಿಲ್ಲು ಇಲ್ಲದ ಮದ್ದನ್ನು ಮುಟ್ಟಲೇಬಾರದು.

ಇನ್ನು ಸಸಿಗಳ ಮಾತು. ಸಿದ್ದಾಪುರದ ಕಡೆಯ ಸದಸ್ಯರೊಬ್ಬರು ಫೋನಿನಲ್ಲಿ ಚಿತ್ರ ನೋಡಿ ‘ಗಿಡ್ಡ ತಳಿ, ಮೂರೇ ವರ್ಷಕ್ಕೆ ಫಸಲು’ ಎಂಬ ಇನ್ನೂರು ಅಡಿಕೆ ಸಸಿ ತರಿಸಿ ನೆಟ್ಟರು. ವಿಟ್ಲದ ಸಂಶೋಧನಾ ಕೇಂದ್ರ ಗಿಡ್ಡ ಸಂಕರ ತಳಿಗಳನ್ನು ಹೊರತಂದದ್ದು ನಿಜ. ಆದರೆ ಆ ಹೆಸರನ್ನು ಪುಟದ ಮೇಲೆ ಯಾರು ಬೇಕಾದರೂ ಬರೆದುಕೊಳ್ಳಬಹುದು. ಸಸಿ ಗಿಡ್ಡವೋ ಉದ್ದವೋ ಎಂದು ಖಚಿತವಾಗುವ ಹೊತ್ತಿಗೆ ನಾಲ್ಕೈದು ವರ್ಷದ ಗೊಬ್ಬರ, ಸೊಪ್ಪು, ಕೂಲಿ ಎಲ್ಲವೂ ನೆಲ ಸೇರಿರುತ್ತದೆ. ಅವರು ನಮ್ಮ ಕಚೇರಿಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ: “ಕಿತ್ತು ಹಾಕಲೋ, ಕಾಯಲೋ?” ಉತ್ತರ ಕೊಡಲು ನಮ್ಮಿಂದಾಗಲಿಲ್ಲ.

ಆದ್ದರಿಂದ ನಾವು ಮನೆಯಲ್ಲಿ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ದೋಷವಿದ್ದರೆ ವಾಪಸಿನ ಗಡುವಿನೊಳಗೇ ಕಣ್ಣಿಗೆ ಕಾಣುವಂಥ ವಸ್ತುವನ್ನು ಫೋನಿನಲ್ಲಿ ಕೊಳ್ಳಬಹುದು. ಮಳೆಗಾಲ ಕಳೆದು, ವರ್ಷ ಕಳೆದು ದೋಷ ತೋರುವಂಥದನ್ನು ಗುರುತಿನ ಅಂಗಡಿಯಲ್ಲಿ, ಸಂಘದಲ್ಲಿ, ಸರಕಾರಿ ನರ್ಸರಿಯಲ್ಲಿ, ಮುಖ ನೋಡಿಯೇ ಕೊಳ್ಳಬೇಕು.

ಕಾಯಿದೆ ಏನೆನ್ನುತ್ತದೆ?

‘ಗಡುವು ಮುಗಿದಿದೆ’ ಎಂಬ ಉತ್ತರವೇ ಕೊನೆಯ ಮಾತೆಂದು ನಾವೂ ತಿಳಿದಿದ್ದೆವು. ಹಾಗಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 2020ರ ಜುಲೈನಲ್ಲಿ ಇ-ವಾಣಿಜ್ಯ ನಿಯಮಗಳು ಬಂದಿವೆ. ವಸ್ತು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ, ಇಲ್ಲವೆ ಜಾಹೀರುಪಡಿಸಿದಂತೆ ಇಲ್ಲದಿದ್ದರೆ ಮಾರಿದವನು ಅದನ್ನು ವಾಪಸು ಪಡೆಯಲು, ಹಣ ಮರಳಿಸಲು ನಿರಾಕರಿಸುವಂತಿಲ್ಲ. ಮಾರುವವನ ಹೆಸರು, ವಿಳಾಸ ಮತ್ತು ವಸ್ತು ತಯಾರಾದ ದೇಶ ಪುಟದಲ್ಲಿ ಕಾಣಬೇಕು. ಮಾರುವವನು ತಾನೇ ಗ್ರಾಹಕನಂತೆ ನಟಿಸಿ ಹೊಗಳಿಕೆ ಬರೆಯಕೂಡದು. ಪೇಟೆಯವರು ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಅವರು 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಕಾಯಿದೆಗೆ ಹಲ್ಲಿಲ್ಲವೆಂದು ಹೇಳುವಂತಿಲ್ಲ. ಕಡ್ಡಾಯ ಗುಣಮಟ್ಟಕ್ಕೆ ಒಪ್ಪದ ಪ್ರೆಷರ್ ಕುಕ್ಕರುಗಳ ಮಾರಾಟಕ್ಕೆ ಅವಕಾಶ ಕೊಟ್ಟದ್ದಕ್ಕಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರಲ್ಲಿ ದೇಶದ ದೊಡ್ಡ ಆನ್‌ಲೈನ್ ಪೇಟೆಗಳಿಗೂ ಲಕ್ಷ ರೂಪಾಯಿಯ ದಂಡ ವಿಧಿಸಿ ಆದೇಶ ಮಾಡಿತ್ತು. ರೈತನು ಬೆಳೆ ಮಾರಿ ಲಾಭ ಮಾಡುವವನು, ಗ್ರಾಹಕನಲ್ಲ ಎಂಬ ವಾದವೂ ಹಿಂದೆ ಇತ್ತು. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ತೀರ್ಪಿತ್ತಿದೆ. ಮಾರಿದವನು ದಿಲ್ಲಿಯಲ್ಲಿರಲಿ, ಸೂರತ್ತಿನಲ್ಲಿರಲಿ, ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ನಮಗೆ ಅದು ಕಾರವಾರದ ಜಿಲ್ಲಾ ಗ್ರಾಹಕ ಆಯೋಗ. ಕೊಂಡ ವಸ್ತುವಿನ ಬೆಲೆ ಐದು ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಘಟ್ಟ ಇಳಿಯದೆ ‘ಇ-ಜಾಗೃತಿ’ ತಾಣದ ಮೂಲಕವೂ ದೂರು ಸಲ್ಲಿಸಬಹುದು.

ನಾವು ಅಷ್ಟು ದೂರ ಹೋಗಬೇಕಾಗಲಿಲ್ಲ. ಬೆಂಗಳೂರಿನಲ್ಲಿರುವ ಮಗನಿಂದ ಕುಂದುಕೊರತೆ ಅಧಿಕಾರಿಗೆ ಬರೆಸಿದೆವು. ಅಳತೆಯ ಪಟ್ಟಿ ಇಟ್ಟು ತೆಗೆದ ಚಿತ್ರ, ಪುಟದ ಚಿತ್ರ ಎರಡನ್ನೂ ಜೊತೆಗಿಟ್ಟೆವು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಹೇಳಿದೆವು. ಐದನೆಯ ವಾರ ದೋಟಿ ಒಯ್ದರು, ಹಣ ಖಾತೆಗೆ ಬಂತು.

ಹೆಸರು, ಊರು, ನಂಬರು

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ದೂರು ಕೊಟ್ಟ ನಾಲ್ಕನೆಯ ದಿನ ಒಂದು ಕರೆ ಬಂದಿತ್ತು. ಅತ್ತಲಿನವನಿಗೆ ನಮ್ಮ ಹೆಸರು, ಊರು, ಕೊಂಡ ತಾರೀಖು, ಕೊಟ್ಟ ಹಣ ಎಲ್ಲ ಗೊತ್ತು. ಹಣ ಮಂಜೂರಾಗಿದೆ, ಕಳಿಸಿದ ಕೊಂಡಿಯನ್ನು ಒತ್ತಿ ಪಿನ್ ಹಾಕಿದರೆ ಖಾತೆಗೆ ಜಮಾ ಆಗುತ್ತದೆ ಎಂದ. ಇಷ್ಟೆಲ್ಲ ತಿಳಿದವನು ಕಂಪನಿಯವನೇ ಇರಬೇಕೆಂದು ನಾವು ಪಿನ್ನಿನ ಮೊದಲ ಅಂಕಿ ಒತ್ತಿಯೂ ಆಗಿತ್ತು. ಒಳಗಿನಿಂದ ಮನೆಯವರು ಕೇಳಿದರು: “ದುಡ್ಡು ಬಪ್ಪಲೆ ನಮ್ಮ ಪಿನ್ನು ಎಂತಕ್ಕೆ?” ಕೈ ಅಲ್ಲಿಗೇ ನಿಂತಿತು. ಹಣ ಪಡೆಯಲು ಪಿನ್ ಬೇಡ, ಕೊಡಲು ಮಾತ್ರ ಬೇಕು. ಪದವಿ ಪಡೆದ ನಮಗೆ ಆ ಗಳಿಗೆಯಲ್ಲಿ ಹೊಳೆಯದ ಸತ್ಯವಿದು.

ನಮ್ಮ ವಿವರ ಸೋರಿದ್ದು ಎಲ್ಲಿಂದ? ದಾರಿಗಳು ಹಲವು. ನಮ್ಮ ಕಡೆ ಪೊಟ್ಟಣ ಮನೆಬಾಗಿಲಿಗೆ ಬರುವುದು ಕಡಿಮೆ. ಬಸ್ಸು ನಿಲ್ಲುವಲ್ಲಿನ ಅಂಗಡಿಯಲ್ಲಿ ಇಟ್ಟು ಹೋಗುತ್ತಾರೆ. ಅದರ ಮೇಲಿನ ಚೀಟಿಯಲ್ಲಿ ಹೆಸರು, ವಿಳಾಸ, ಹಲವು ಸಲ ಫೋನ್ ನಂಬರೂ ಇರುತ್ತದೆ, ಓದುವವರಿಗೆ ತಡೆಯಿಲ್ಲ. ಮಾರಿದವನ ಬಳಿ, ಸಾಗಿಸಿದವನ ಬಳಿ ಅದರ ಪ್ರತಿ ಇರುತ್ತದೆ. ದೊಡ್ಡ ಉಗ್ರಾಣಗಳೂ ಸೋರುತ್ತವೆ. ಬೆಂಗಳೂರಿನ ಬಿಗ್‌ಬಾಸ್ಕೆಟ್ ಸಂಸ್ಥೆಯ ಸುಮಾರು ಎರಡು ಕೋಟಿ ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರು ಸೋರಿದ ವರದಿ 2020ರ ನವೆಂಬರಿನಲ್ಲಿ ಬಂದಾಗ, ಸಂಸ್ಥೆಯೇ ನಗರದ ಸೈಬರ್ ಪೊಲೀಸರಿಗೆ ದೂರು ಕೊಡಬೇಕಾಯಿತು.

ವಿವರ ಕಾಯುವುದು ಬರೇ ಹೆದರುವವರ ಹಟವಲ್ಲ, ನಮ್ಮ ಹಕ್ಕು. ಈ ಹಕ್ಕನ್ನು ದೇಶಕ್ಕೆ ದೊರಕಿಸಿದ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅವರು 2012ರಲ್ಲಿ ಸಲ್ಲಿಸಿದ ಅರ್ಜಿಯಿಂದ ಎದ್ದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಉತ್ತರಿಸಿ, ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಾಯಿತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಹೊರಬಂದವು. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಟ್ಟಿದೆ. ಕಾಯಿದೆ ಬರುವಷ್ಟು ಕಾಲ ಕಳ್ಳ ಕಾಯುವುದಿಲ್ಲ. ಬೇಲಿ ನಮ್ಮದೇ ಗಟ್ಟಿಯಿರಬೇಕು.

ಸದಸ್ಯರಿಗೆ ಕೆಲವು ಸೂಚನೆ

ಕೊಳ್ಳುವ ಮೊದಲು ಪುಟದ ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಳ್ಳಿರಿ. ನಾಳೆ ಅದೇ ಸಾಕ್ಷಿ. ನಕ್ಷತ್ರ ಎಣಿಸಬೇಡಿ, ಅಭಿಪ್ರಾಯಗಳನ್ನು ಓದಿರಿ. ಕಡಿಮೆ ನಕ್ಷತ್ರದವನ್ನು ಮೊದಲು ಓದಿರಿ. ಮಾರುವವನ ವಿಳಾಸ ಕಾಣದಿದ್ದರೆ ಅಲ್ಲಿಗೇ ಬಿಡಿರಿ.

ಪೊಟ್ಟಣ ಬಂದ ದಿನವೇ ಬಿಚ್ಚಿರಿ. ಬಿಚ್ಚುವುದನ್ನು ಮನೆಯ ಹುಡುಗರಿಂದ ವಿಡಿಯೋ ಮಾಡಿಸಿರಿ. ಮೇಲಿನ ಚೀಟಿಯನ್ನು ಹರಿದು ಒಲೆಗೆ ಹಾಕಿರಿ. ತರಿಸದ ಪೊಟ್ಟಣಕ್ಕೆ ಹಣ ಕೊಡಬೇಡಿ; ಮನೆಯವರಿಗೂ, ಅಂಗಡಿಯವರಿಗೂ ಹೇಳಿಡಿ.

ಕೊಳ್ಳುವ ಆ್ಯಪ್ ನಿಮ್ಮ ಫೋನಿನ ನಂಬರುಗಳ ಪಟ್ಟಿ, ಮೈಕು, ನೀವಿರುವ ಜಾಗ ಇವನ್ನು ಕೇಳಿದರೆ ‘ಬೇಡ’ ಎನ್ನಿರಿ. ದೋಟಿ ಮಾರಲು ನಮ್ಮ ನೆಂಟರ ನಂಬರು ಏಕೆ ಬೇಕು? ಗೀಚಿದರೆ ಕಾರು ಬಹುಮಾನವೆಂಬ ಕಾರ್ಡು ಅಂಚೆಯಲ್ಲಿ ಬಂದರೆ ಅದನ್ನೂ ಒಲೆಗೆ ಹಾಕಿರಿ. ಹಣ ಹೋಗಿಯೇಬಿಟ್ಟರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿರಿ. ತಡವಾದಷ್ಟೂ ಹಣ ಹಿಡಿಯುವುದು ಕಷ್ಟ.

ಮಾರುವವರಾಗಿಯೂ ಒಂದು ಮಾತು. ‘ಶಿರಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ನಮ್ಮ ಯುವಕರು ಅಡಿಕೆ, ಕಾಳುಮೆಣಸು, ಕಾಫಿ, ಜೇನು, ಅಪ್ಪೆಮಿಡಿಯನ್ನು ಫೋನಿನಲ್ಲಿ ಮಾರತೊಡಗಿರುವುದು ಸಂತೋಷದ ಸಂಗತಿ. ಹೊರಗಿನ ಮಾಲಿಗೆ ನಮ್ಮೂರ ಹೆಸರು ಹಾಕುವ ಆಸೆ ಮಾತ್ರ ಯಾರಿಗೂ ಬಾರದಿರಲಿ. ಶಿರಸಿಯಲ್ಲಿ ತೋಟಿಗರು 1923ರಲ್ಲಿ ಮಾರಾಟದ ಸಹಕಾರಿ ಸಂಘ ಕಟ್ಟಿದಂದಿನಿಂದ ನೂರು ವರ್ಷ ಕಾಯ್ದ ವಿಶ್ವಾಸವದು.

ಇಷ್ಟರ ಮೇಲೂ ಸಂದೇಹವಿದ್ದರೆ ಹಣ ಕಟ್ಟುವ ಮೊದಲು ಫೋನು ಹಿಡಿದು ಸಂಘದ ಕಚೇರಿಗೆ ಬನ್ನಿರಿ. ನಾಲ್ಕು ಕಣ್ಣಿಗೆ ಕಾಣುವುದು ಎರಡು ಕಣ್ಣಿಗೆ ಕಾಣುವುದಿಲ್ಲ. ನಮ್ಮ 28 ಸಾವಿರವೇನೋ ತಿರುಗಿ ಬಂತು. ನಂಬರು ಮಾತ್ರ ತಿರುಗಿ ಬರಲಿಲ್ಲ. ಸಾಲ ಬೇಕೇ, ಬಹುಮಾನ ಬೇಕೇ ಎಂದು ದಿನಕ್ಕೆ ಮೂರು ಸಲ ಯಾರಾದರೂ ಹೆಸರು ಹಿಡಿದು ಕರೆಯುತ್ತಲೇ ಇದ್ದಾರೆ.